ಪಂಚಾಂಗವೂ ಆಕಾಶವೂ: ಚಿಂತಾಮಣಿ ರಘುನಾಥಾಚಾರಿಯವರ ವಿಚಾರ

ಪೀಣ್ಯದ ಭಕ್ತರೊಬ್ಬರು ತಮ್ಮ ಕಾರ್ಖಾನೆಯಲ್ಲಿ ಹೊಸ ಲೇತ್ ಯಂತ್ರವನ್ನು ಕೂಡಿಸಲು ದಿನ ಕೇಳಿ ಮಠಕ್ಕೆ ಬಂದರು. ಕೈಯಲ್ಲಿ ಎರಡು ಪಂಚಾಂಗಗಳಿದ್ದವು. ಒಂದೇ ತಿಥಿ ಮುಗಿಯುವ ವೇಳೆಯಲ್ಲಿ ಎರಡಕ್ಕೂ ನಾಲ್ಕು ಗಂಟೆಗೆ ಮೀರಿದ ಅಂತರ. “ಬುದ್ಧೀ, ಯಾವುದು ನಿಜ?” ಎಂದರು. ಈ ಪ್ರಶ್ನೆಗೆ ನೂರೈವತ್ತು ವರ್ಷಗಳ ಹಿಂದೆಯೇ ಉತ್ತರ ಹುಡುಕಿದ ಮಹನೀಯರೊಬ್ಬರನ್ನು ನಾವು ಮರೆತಿದ್ದೇವೆ.

ಮದರಾಸು ವೀಕ್ಷಣಾಲಯದಲ್ಲಿ ಖಗೋಳಜ್ಞ ಪಾಗ್ಸನ್ನರ ಪ್ರಥಮ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿಯವರು ಪಂಚಾಂಗಕರ್ತರ ಮನೆತನದವರು. 1867ರಲ್ಲಿ ದಕ್ಷಿಣ ದಿಗಂತದ ಸಮೀಪದಲ್ಲೇ ಸುಳಿಯುವ ಒಂದು ನಕ್ಷತ್ರದ ಕಾಂತಿ ಏರಿಳಿಯುವುದನ್ನು ಅವರು ಕಂಡುಹಿಡಿದರು. ‘ಆರ್ ರೆಟಿಕ್ಯುಲಿ’ ಎಂಬ ಆ ತಾರೆ ಸುಮಾರು ಒಂಬತ್ತು ತಿಂಗಳಿಗೊಮ್ಮೆ ಬೆಳಗಿ ಮಂಕಾಗುತ್ತದೆ. 1868ರ ಪೂರ್ಣ ಸೂರ್ಯಗ್ರಹಣವನ್ನು ವನಪರ್ತಿಯಲ್ಲಿ ವೀಕ್ಷಿಸಿದರು. 1872ರಲ್ಲಿ ಲಂಡನ್ನಿನ ರಾಯಲ್ ಖಗೋಳ ಸಂಘ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. ಇಷ್ಟು ಮನ್ನಣೆ ಪಡೆದವರು ಸುಮ್ಮನಿರಬಹುದಾಗಿತ್ತು. ಆದರೆ ಮನೆತನದ ಪಂಚಾಂಗವನ್ನೂ ದೂರದರ್ಶಕವನ್ನೂ ಎದುರುಬದುರಾಗಿಟ್ಟು ನೋಡುವ ಧೈರ್ಯವನ್ನು ಅವರು ತೋರಿದರು. ನಮಗೆ ದೊಡ್ಡದಾಗಿ ಕಾಣುವುದು ಇದೇ.

ಹಳೆಯ ಪದ್ಧತಿಯ ಪ್ರಕಾರ ತಿಥಿಯೊಂದು ಹೆಚ್ಚೆಂದರೆ 65 ಘಳಿಗೆ, ಕಡಿಮೆಯೆಂದರೆ 54 ಘಳಿಗೆ ಇರತಕ್ಕದ್ದು. ಆಕಾಶ ಈ ನಿಯಮಕ್ಕೆ ಬದ್ಧವಲ್ಲ. ಸೂರ್ಯನ ಆಕರ್ಷಣೆಯಿಂದ ಚಂದ್ರನ ನಡೆ ಹಲವು ಬಗೆಯಲ್ಲಿ ತೊನೆಯುವುದರಿಂದ ನಿಜವಾದ ತಿಥಿ ಸುಮಾರು 50ರಿಂದ 67 ಘಳಿಗೆಗಳವರೆಗೆ ಹಿಗ್ಗಿ ಕುಗ್ಗುತ್ತದೆ. ಭಕ್ತರ ಎರಡು ಪಂಚಾಂಗಗಳ ಜಗಳದ ಮೂಲ ಇದು. ಆಚಾರಿಯವರು ಕಣ್ಣಿಗೆ ಕಾಣುವ ಗತಿಗೆ ಹೊಂದುವ ದೃಗ್ಗಣಿತ ಪಂಚಾಂಗವನ್ನು ಹೊರಡಿಸಿದರು. ಪೂರ್ವಿಕರು ಹೇಳಿದ್ದನ್ನು ತಿದ್ದುವುದು ಪೂರ್ವಿಕರಿಗೆ ಮಾಡುವ ಅವಮಾನವೆಂದು ಬಗೆಯುವವರು ಅಂದೂ ಇದ್ದರು, ಇಂದೂ ಇದ್ದಾರೆ.

1874ರ ಡಿಸೆಂಬರ್ 9ರಂದು ಶುಕ್ರಗ್ರಹ ಸೂರ್ಯಬಿಂಬವನ್ನು ಹಾದುಹೋಗಲಿದ್ದಾಗ ಅವರು ಒಂದು ಕಿರುಹೊತ್ತಗೆ ಬರೆದರು. ಅದು ಕನ್ನಡದಲ್ಲಿಯೂ ಅಚ್ಚಾಯಿತು. ಇಂಥ ವಿಷಯವನ್ನು ಅವರು ಸಂವಾದವಾಗಿ ಹೆಣೆದದ್ದು ಉಚಿತವಾಗಿದೆ. ಅನುಭವಮಂಟಪದ ಮಾತುಕತೆಯನ್ನು ಶೂನ್ಯಸಂಪಾದನೆಯಲ್ಲಿ ಓದಿಬಲ್ಲ ನಮ್ಮವರಿಗೆ ಶಂಕೆಗೆ ಸ್ಥಾನ ಕೊಡುವ ಈ ಪರಿ ಹೊಸತಲ್ಲ. ಸೂರ್ಯನ ದೂರವನ್ನು ಅಳೆಯಲು ಐರೋಪ್ಯರು ಹಡಗು ಹಡಗಾಗಿ ಹೊರಟಿದ್ದ ಕಾಲದಲ್ಲಿ ಕನ್ನಡದ ಓದುಗನಿಗೂ ಅದರ ಮರ್ಮ ತಿಳಿಯಲೆಂದು ಒಬ್ಬರು ಬಯಸಿದರಲ್ಲ!

ಇನ್ನು ನಮ್ಮ ಆಕ್ಷೇಪಣೆ. ಆಚಾರಿಯವರು ಹೊರಡಿಸಿದ್ದು ತಿದ್ದಿದ ಪಂಚಾಂಗವೇ ಹೊರತು ಮುಹೂರ್ತದ ಖಂಡನೆಯಲ್ಲ. ವೇಳೆ ಸರಿಯಾಯಿತು, ಆ ವೇಳೆ ಶುಭವೋ ಅಶುಭವೋ ಎಂಬ ಅಂಜಿಕೆ ಇದ್ದಲ್ಲಿಯೇ ಉಳಿಯಿತು. ಬಸವಾದಿ ಶರಣರು ಏಳು ಶತಮಾನಗಳ ಮೊದಲೇ ಲಗ್ನ ತಾರಾಬಲಗಳ ಭಯವನ್ನು ಕಿತ್ತೊಗೆದಿದ್ದರು. ಆ ಅಳತೆಗೋಲಿನಿಂದ ನೋಡಿದರೆ ಆಚಾರಿಯವರ ಸುಧಾರಣೆ ಅರ್ಧದಾರಿಯದು. ಹಾಗೆಂದು ನಾವು ಹೆಮ್ಮೆಪಡುವಂತೆಯೂ ಇಲ್ಲ. ಶರಣರ ವಾರಸುದಾರರೆನ್ನುವ ನಾವು ಭಯವನ್ನೂ ಬಿಡಲಿಲ್ಲ, ಲೆಕ್ಕವನ್ನೂ ತಿದ್ದಲಿಲ್ಲ. ಮಠದ ಜಗುಲಿಯಲ್ಲಿ ಕುಳಿತು ಎಷ್ಟೋ ವರ್ಷ ಹಳೆಯ ಪಂಚಾಂಗ ನೋಡಿ ದಿನ ಹೇಳಿದವರಲ್ಲಿ ನಾವೂ ಒಬ್ಬರು.

ಆಚಾರಿಯವರು 1880ರಲ್ಲಿ ಲಿಂಗೈಕ್ಯರಾದರು ಎನ್ನಲು ಅವರು ನಮ್ಮ ಮತದವರಲ್ಲ. ಆದರೂ ಆ ಮಾತು ನಾಲಗೆಗೆ ಬರುತ್ತದೆ. ಅವರು ದುಡಿದ ವೀಕ್ಷಣಾಲಯದ ಪರಂಪರೆ ಕೊಡೈಕೆನಾಲಿನ ಮಾರ್ಗವಾಗಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಬಂದು ಸೇರಿದೆ. ವೈಟ್‌ಫೀಲ್ಡಿನಿಂದ ಮುಂದೆ ಹೊಸಕೋಟೆಯ ಬಳಿ ಇರುವ ಅದರ ಕೇಂದ್ರದಲ್ಲಿ ಕುಳಿತೇ, ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುತ್ತಾರೆ.

ಪೀಣ್ಯದ ಭಕ್ತರಿಗೆ ದೃಗ್ಗಣಿತದ ತಿಥಿ ನಿಜವೆಂದೂ, ಯಂತ್ರಕ್ಕೆ ಅದು ಬೇಡವೆಂದೂ, ಕೆಲಸಗಾರರಿಗೆಲ್ಲ ಬಿಡುವಿರುವ ದಿನ ಕೂಡಿಸಿ, ಎಲ್ಲರೂ ಕೂಡಿ ಪ್ರಸಾದ ಸ್ವೀಕರಿಸಿರೆಂದೂ ಹೇಳಿದೆವು. ಅವರಿಗೆ ಅಷ್ಟು ಸಮಾಧಾನವಾದಂತೆ ಕಾಣಲಿಲ್ಲ. ಮುಂದಿನ ಯುಗಾದಿಯಿಂದ ಮಠದ ಪರ್ವದಿನಗಳ ಪಟ್ಟಿಯನ್ನು ದೃಗ್ಗಣಿತದಂತೆ ಸಿದ್ಧಪಡಿಸಲು ಅಪ್ಪಣೆಯಾಗಿದೆ. ಅದರಲ್ಲಿ ರಾಹುಕಾಲದ ಅಂಕಣವಿರುವುದಿಲ್ಲ.