ವಿಡಿಯೋ ಆಟದ ಓಟಗಾರನ ನಿಜವಾದ ವೇಗವೆಷ್ಟು?

ವಿಡಿಯೋ ಆಟವೊಂದರ ನಾಯಕ ಗಂಟೆಗೆ 69 ಕಿಲೋಮೀಟರ್ ವೇಗದಲ್ಲಿ ಓಡುತ್ತಾನೆ ಎಂದರೆ ನೀವು ನಂಬುವಿರಾ? 1993ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ ಹೊರತಂದ ‘ಡೂಮ್’ ಆಟದ ನಾಯಕನಿಗೆ ಲೆಕ್ಕ ಹಾಕಿದರೆ ಬರುವ ಉತ್ತರ ಇದು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರ್ ದೂರವನ್ನು 9.58 ಸೆಕೆಂಡಿನಲ್ಲಿ ಓಡಿದಾಗ ಅವರ ಸರಾಸರಿ ವೇಗ ಗಂಟೆಗೆ 37.6 ಕಿಲೋಮೀಟರ್ ಮಾತ್ರ. ಹಾಗಾದರೆ ಆಟದ ನಾಯಕ ಬೋಲ್ಟ್‌ನನ್ನೂ ಮೀರಿಸಿದನೇ? ಈ 69 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನು ನೋಡದೆ ಉತ್ತರ ಹೇಳುವಂತಿಲ್ಲ.

ಆಟಗಳ ವಿಮರ್ಶೆಯಲ್ಲಿ ಚಿತ್ರ, ಧ್ವನಿ, ಕಥೆ ಇವುಗಳ ಚರ್ಚೆ ಧಾರಾಳವಾಗಿ ನಡೆಯುತ್ತದೆ. ಚಲನೆಯ ಪರಿಶೀಲನೆ ಅಪರೂಪ. ಬೆಂಗಳೂರಿಗರಿಗೆ ಈ ವಿಷಯ ಹೊರಗಿನದೇನೂ ಅಲ್ಲ. 2000ರ ದಶಕದಲ್ಲಿ ಕಂಟೋನ್ಮೆಂಟ್, ಹಲಸೂರು, ಇಂದಿರಾನಗರಗಳ ಸೈಬರ್ ಕೆಫೆಗಳಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ‘ಕೌಂಟರ್-ಸ್ಟ್ರೈಕ್’ ಆಡಿದವರು ಇಂದು ನಡುವಯಸ್ಸಿನ ಎಂಜಿನಿಯರುಗಳು. ಆಟ ತಯಾರಿಸುವವರೂ ಇಲ್ಲಿದ್ದಾರೆ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ‘ಫೋರ್ಜಾ’ ಕಾರ್ ಓಟದ ಆಟಗಳಿಗೆ ಕಾರುಗಳ ಮಾದರಿಗಳನ್ನು ಮಾಡಿಕೊಟ್ಟಿತು. 2019ರಲ್ಲಿ ಅದು ರಾಕ್‌ಸ್ಟಾರ್ ಸಂಸ್ಥೆಯ ಪಾಲಾಯಿತು. ಆದ್ದರಿಂದ ಆಟದೊಳಗಿನ ವೇಗವನ್ನು ಅಳೆಯುವುದು ಹೇಗೆ, ಆ ಅಳತೆಯನ್ನು ಎಷ್ಟು ನಂಬಬಹುದು ಎಂದು ಕೇಳುವುದು ನಮ್ಮ ಊರಿಗೆ ಒಪ್ಪುವ ಪ್ರಶ್ನೆಯೇ.

ಮೊದಲು ಅಳತೆಗೋಲು

ವೇಗವೆಂದರೆ ದೂರವನ್ನು ಕಾಲದಿಂದ ಭಾಗಿಸಿದಾಗ ಸಿಗುವ ಬೆಲೆ. ಕಾಲದ ವಿಷಯದಲ್ಲಿ ತೊಂದರೆ ಇಲ್ಲ. ಆಟದ ಒಂದು ಸೆಕೆಂಡು ನಿಮ್ಮ ಕೈಗಡಿಯಾರದ ಒಂದು ಸೆಕೆಂಡೇ. ತೊಂದರೆ ಇರುವುದು ದೂರದಲ್ಲಿ. ಪರದೆಯೊಳಗೆ ಮೀಟರ್ ಇಲ್ಲ. ಅಲ್ಲಿರುವುದು ಕಾರ್ಯಕ್ರಮ ಬರೆದವರು ಇಟ್ಟುಕೊಂಡ ‘ಏಕಮಾನ’ ಮಾತ್ರ.

ಭೂಮಾಪನ ಮಾಡಿದವರಿಗೂ ಇದೇ ಸಮಸ್ಯೆ ಇತ್ತು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರ ಮತ್ತು ಅಗರದ ನಡುವೆ, ಸುಮಾರು 7.4 ಮೈಲಿ ಉದ್ದದ ಆಧಾರರೇಖೆಯನ್ನು ಅಳೆದರು. ಬಳಸಿದ್ದು 100 ಅಡಿ ಉದ್ದದ ಉಕ್ಕಿನ ಸರಪಣಿ. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಉಷ್ಣಮಾಪಕವಿಟ್ಟು ಆ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿದರು. ಇಷ್ಟೊಂದು ಎಚ್ಚರಿಕೆ ಏಕೆ? ತ್ರಿಕೋನ ಮಾಪನದಲ್ಲಿ ನೇರವಾಗಿ ಅಳೆಯುವ ಉದ್ದ ಅದೊಂದೇ. ಉಳಿದ ದೂರಗಳೆಲ್ಲ ಕೋನಗಳಿಂದ ಬರುತ್ತವೆ. ಆಧಾರರೇಖೆ ನೂರಕ್ಕೆ ಒಂದರಷ್ಟು ತಪ್ಪಿದರೆ ಅದನ್ನು ಆಧರಿಸಿದ ಪ್ರತಿ ದೂರವೂ ನೂರಕ್ಕೆ ಒಂದರಷ್ಟು ತಪ್ಪುತ್ತದೆ. ಆಟದ ವೇಗಕ್ಕೂ ಇದೇ ನಿಯಮ. ನೀವು ಆರಿಸಿಕೊಂಡ ಆಧಾರರೇಖೆ ಯಾವುದೆಂದು ಹೇಳದೆ ‘ಗಂಟೆಗೆ ಇಷ್ಟು ಕಿಲೋಮೀಟರ್’ ಎಂದರೆ ಅದಕ್ಕೆ ಅರ್ಥವಿಲ್ಲ.

ನೀವೇ ಅಳೆಯುವ ವಿಧಾನ

ಆಟದಲ್ಲಿ ಉದ್ದನೆಯ, ನೇರವಾದ ಗೋಡೆಯೊಂದನ್ನು ಆರಿಸಿಕೊಳ್ಳಿ. ಗೆಳೆಯನ ಪಾತ್ರವನ್ನು ಗೋಡೆಗೆ ಅಂಟಿದಂತೆ ನಿಲ್ಲಿಸಿ, ಗೋಡೆಯ ಉದ್ದ ಎಷ್ಟು ಆಳುದ್ದ ಎಂದು ಎಣಿಸಿ. ಪಾತ್ರ ಗೋಡೆಯಿಂದ ಮುಂದೆ ನಿಂತರೆ ದೊಡ್ಡದಾಗಿ ಕಂಡು ಎಣಿಕೆ ತಪ್ಪುತ್ತದೆ. ನಂತರ ಗೋಡೆಯ ಪಕ್ಕ ಓಡಿ, ಅದನ್ನು ವಿಡಿಯೋ ಮಾಡಿಕೊಳ್ಳಿ. ಓಟ ಆರಂಭವಾಗುವ ಮೊದಲ ಭಾಗವನ್ನು ಬಿಡಿ, ಏಕೆಂದರೆ ಅಲ್ಲಿ ವೇಗ ಇನ್ನೂ ಏರುತ್ತಿರುತ್ತದೆ. ಸೆಕೆಂಡಿಗೆ 30 ಚೌಕಟ್ಟುಗಳಿರುವ ವಿಡಿಯೋದಲ್ಲಿ ಮೊದಲಿಗೂ ಕೊನೆಗೂ ಒಂದೊಂದು ಚೌಕಟ್ಟು ತಪ್ಪಿದರೆ 0.067 ಸೆಕೆಂಡಿನ ದೋಷ. 5 ಸೆಕೆಂಡಿನ ಓಟದಲ್ಲಿ ಇದು ನೂರಕ್ಕೆ 1.3 ಮಾತ್ರ. ಐದು ಬಾರಿ ಅಳೆದು ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು.

ಹೀಗೆ ಅಳೆದರೆ ಕೌಂಟರ್-ಸ್ಟ್ರೈಕ್ 1.6ರಲ್ಲಿ ಚಾಕು ಹಿಡಿದು ಓಡುವವನು ಸೆಕೆಂಡಿಗೆ ಸುಮಾರು 3.5 ಆಳುದ್ದ ಸಾಗುತ್ತಾನೆ. ಆಟದ ಒಳಲೆಕ್ಕವೂ ಇದನ್ನೇ ಹೇಳುತ್ತದೆ: ನಿಂತ ಮನುಷ್ಯನ ಎತ್ತರ 72 ಏಕಮಾನ, ಓಟದ ವೇಗ ಸೆಕೆಂಡಿಗೆ 250. ಡೂಮ್ ಆಟದ ಮೂಲ ಕಾರ್ಯಕ್ರಮವನ್ನು 1997ರಲ್ಲಿ ಬಹಿರಂಗಗೊಳಿಸಿದ್ದರಿಂದ ಅಲ್ಲಿ ಊಹೆಗೆ ಅವಕಾಶವೇ ಇಲ್ಲ. ಅದು ಸೆಕೆಂಡನ್ನು 35 ಭಾಗ ಮಾಡುತ್ತದೆ. ಪ್ರತಿ ಭಾಗದಲ್ಲೂ ಓಟಗಾರನಿಗೆ 1.5625 ಏಕಮಾನದ ತಳ್ಳು ಸಿಗುತ್ತದೆ. ಘರ್ಷಣೆಯಿಂದ ವೇಗ 0.90625 ಪಟ್ಟಿಗೆ ಇಳಿಯುತ್ತದೆ. ತಳ್ಳು ಮತ್ತು ಘರ್ಷಣೆ ಸಮವಾದಾಗ ವೇಗ 1.5625 ÷ 0.09375 = 16.67, ಅಂದರೆ ಸೆಕೆಂಡಿಗೆ 583 ಏಕಮಾನ. ನಾಯಕನ ಎತ್ತರ 56 ಏಕಮಾನ. ಸೆಕೆಂಡಿಗೆ 10.4 ಆಳುದ್ದ!

ಎರಡು ಗೋಲು, ಎರಡು ಉತ್ತರ

ಪಾತ್ರದ ಎತ್ತರ 6 ಅಡಿ ಎಂದಿಟ್ಟುಕೊಳ್ಳೋಣ. ಆಗ ಕೌಂಟರ್-ಸ್ಟ್ರೈಕ್‌ನ ಒಂದು ಏಕಮಾನ ಒಂದು ಅಂಗುಲ. ಓಟ ಸೆಕೆಂಡಿಗೆ 6.35 ಮೀಟರ್, ಗಂಟೆಗೆ 22.9 ಕಿಲೋಮೀಟರ್. ಇದೇ ಗೋಲಿನಿಂದ ಡೂಮ್ ನಾಯಕನ ವೇಗ 69 ಕಿಲೋಮೀಟರ್. ಲೇಖನದ ಆರಂಭದ ಸಂಖ್ಯೆ ಬಂದದ್ದು ಹೀಗೆ.

ಆದರೆ ಆಟದಲ್ಲಿ ಇನ್ನೊಂದು ಗೋಲು ಅಡಗಿದೆ. ಅದು ಗುರುತ್ವ. ಕೌಂಟರ್-ಸ್ಟ್ರೈಕ್‌ನಲ್ಲಿ ಬೀಳುವ ವಸ್ತುವಿನ ವೇಗೋತ್ಕರ್ಷ 800 ಏಕಮಾನ. ಏಕಮಾನ ಒಂದು ಅಂಗುಲವಾದರೆ ಇದು 20.3 ಮೀಟರ್, ಭೂಮಿಯ ಗುರುತ್ವದ ಎರಡು ಪಟ್ಟು! ಬದಲಿಗೆ ಗುರುತ್ವ ಭೂಮಿಯದೇ, ಅಂದರೆ 9.8 ಎಂದು ಹಿಡಿದರೆ ಏಕಮಾನವೊಂದಕ್ಕೆ 1.225 ಸೆಂಟಿಮೀಟರ್. ಓಟ ಗಂಟೆಗೆ 11 ಕಿಲೋಮೀಟರಿಗೆ ಇಳಿಯುತ್ತದೆ. ಆದರೆ ಆಗ ಆರಡಿಯ ಯೋಧ 88 ಸೆಂಟಿಮೀಟರಿನ ಮಗುವಾಗುತ್ತಾನೆ. ಡೂಮ್‌ನಲ್ಲಿ ಗುರುತ್ವ 1225 ಏಕಮಾನ. ಅದೇ ಲೆಕ್ಕದಲ್ಲಿ 69 ಇದ್ದದ್ದು 17 ಕಿಲೋಮೀಟರ್ ಆಗುತ್ತದೆ, ನಾಯಕ 45 ಸೆಂಟಿಮೀಟರಿನ ಗೊಂಬೆಯಾಗುತ್ತಾನೆ.

ಜಿಗಿತವನ್ನು ನೋಡಿ. ಕೌಂಟರ್-ಸ್ಟ್ರೈಕ್‌ನ ಜಿಗಿತ 45 ಏಕಮಾನ ಎತ್ತರ. ಅಂಗುಲದ ಗೋಲಿನಲ್ಲಿ 114 ಸೆಂಟಿಮೀಟರ್, ನಿಂತಲ್ಲಿಂದ ಸಾಮಾನ್ಯ ಮನುಷ್ಯನಿಗೆ ಅಸಾಧ್ಯ. ಆದರೆ ಗಾಳಿಯಲ್ಲಿರುವ ಕಾಲ 0.67 ಸೆಕೆಂಡು. ಭೂಮಿಯ ಮೇಲೆ ಅಷ್ಟು ಕಾಲ ಗಾಳಿಯಲ್ಲಿರಲು ಜಿಗಿಯಬೇಕಾದ ಎತ್ತರ 55 ಸೆಂಟಿಮೀಟರ್, ಗಟ್ಟಿಮುಟ್ಟಾದ ತರುಣನೊಬ್ಬನ ಜಿಗಿತ. ಎತ್ತರ ಸುಳ್ಳು ಹೇಳಿದರೂ ಗಡಿಯಾರ ನಿಜ ಹೇಳುತ್ತಿದೆ.

ಏಕಮಾನವೇ ಇಲ್ಲದ ಸಂಖ್ಯೆ

ಎರಡು ಗೋಲುಗಳು ಜಗಳವಾಡಿದಾಗ ಎರಡನ್ನೂ ಒಟ್ಟಿಗೆ ಕೂಡಿಸುವ ಉಪಾಯ ಬೇಕು. ಅದು ಫ್ರೂಡ್ ಸಂಖ್ಯೆ. ವೇಗದ ವರ್ಗವನ್ನು ಗುರುತ್ವ ಮತ್ತು ಕಾಲಿನ ಉದ್ದದ ಗುಣಲಬ್ಧದಿಂದ ಭಾಗಿಸಿ. ಏಕಮಾನಗಳೆಲ್ಲ ಹೊಡೆದುಹೋಗಿ ಬರಿಯ ಸಂಖ್ಯೆ ಉಳಿಯುತ್ತದೆ. ಹಡಗುಗಳ ಮಾದರಿಗಳನ್ನು ಪರೀಕ್ಷಿಸಲು 19ನೆಯ ಶತಮಾನದಲ್ಲಿ ವಿಲಿಯಂ ಫ್ರೂಡ್ ಬಳಸಿದ ಈ ವಿಚಾರವನ್ನು 1976ರಲ್ಲಿ ಮ್ಯಾಕ್‌ನೀಲ್ ಅಲೆಕ್ಸಾಂಡರ್ ಡೈನೋಸಾರ್‌ಗಳ ಹೆಜ್ಜೆಗುರುತಿನಿಂದ ಅವುಗಳ ವೇಗ ಅಂದಾಜು ಮಾಡಲು ಬಳಸಿದರು. ಕಣ್ಣಿಗೆ ಕಾಣದ ಪ್ರಾಣಿಗೆ ಒಪ್ಪಿದ ವಿಧಾನ ಪರದೆಯ ಪ್ರಾಣಿಗೇಕೆ ಒಪ್ಪಬಾರದು?

ಕಾಲಿನ ಉದ್ದ ಎತ್ತರದ ಅರ್ಧ ಎಂದುಕೊಳ್ಳಿ. ಕೌಂಟರ್-ಸ್ಟ್ರೈಕ್ ಓಟಕ್ಕೆ ಫ್ರೂಡ್ ಸಂಖ್ಯೆ 2.17. ಆರಡಿಯ ನಿಜ ಮನುಷ್ಯನಲ್ಲಿ ಇದು ಗಂಟೆಗೆ ಸುಮಾರು 16 ಕಿಲೋಮೀಟರಿಗೆ ಸಮ. ಡೂಮ್ ನಾಯಕನಿಗೆ 9.9, ಅಂದರೆ ಸುಮಾರು 34 ಕಿಲೋಮೀಟರ್. ಆತ ಬೋಲ್ಟ್‌ಗಿಂತ ಸ್ವಲ್ಪ ಹಿಂದೆಯೇ ಉಳಿದ! ಓಟದಲ್ಲಿ ಸ್ನಾಯುರಜ್ಜುಗಳು ಸ್ಪ್ರಿಂಗಿನಂತೆ ಕೆಲಸ ಮಾಡುವುದರಿಂದ ಈ ಹೋಲಿಕೆ ಸ್ಥೂಲವಾದದ್ದು ಎಂಬುದು ನಿಜ. ಆದರೂ ಒಂದೇ ಗೋಲನ್ನು ಹಿಡಿದು ಹೇಳಿದ 69ಕ್ಕಿಂತ ಇದು ಹೆಚ್ಚು ವಿವೇಕದ ಉತ್ತರ.

ಇಂದಿರಾನಗರದ 100 ಅಡಿ ರಸ್ತೆಯನ್ನು ಹೆಸರಿಗೆ ತಕ್ಕಂತೆ 100 ಅಡಿ ಅಗಲವೆಂದೇ ಇಟ್ಟುಕೊಂಡರೆ, ಕೌಂಟರ್-ಸ್ಟ್ರೈಕ್ ಓಟಗಾರ ಅದನ್ನು ಎತ್ತರದ ಗೋಲಿನಲ್ಲಿ 4.8 ಸೆಕೆಂಡಿನಲ್ಲಿ, ಫ್ರೂಡ್ ಲೆಕ್ಕದಲ್ಲಿ ಸುಮಾರು 7 ಸೆಕೆಂಡಿನಲ್ಲಿ, ಗುರುತ್ವದ ಗೋಲಿನಲ್ಲಿ 10 ಸೆಕೆಂಡಿನಲ್ಲಿ ದಾಟುತ್ತಾನೆ. ಆಟ ಒಂದೇ, ಓಟ ಒಂದೇ.

ಎರಡು ಆಟಗಳ ಗುಣದೋಷ

ಕೌಂಟರ್-ಸ್ಟ್ರೈಕ್ ಓಟದಲ್ಲಿ ಸಭ್ಯ, ನಡಿಗೆಯಲ್ಲಿ ಅಲ್ಲ. ಸದ್ದಿಲ್ಲದೆ ನಡೆಯುವಾಗ ವೇಗ 0.52 ಪಟ್ಟಿಗೆ, ಅಂದರೆ 130 ಏಕಮಾನಕ್ಕೆ ಇಳಿಯುತ್ತದೆ. ಫ್ರೂಡ್ ಸಂಖ್ಯೆ 0.59. ಮನುಷ್ಯರು ಸುಮಾರು 0.5 ದಾಟಿದೊಡನೆ ನಡಿಗೆ ಬಿಟ್ಟು ಓಡತೊಡಗುತ್ತಾರೆ. ಓಡಬೇಕಾದ ವೇಗದಲ್ಲಿ ಬೆಕ್ಕಿನಂತೆ ನಿಶ್ಶಬ್ದವಾಗಿ ನಡೆಯುವುದನ್ನು ಆಟ ನಮಗೆ ಒಪ್ಪಿಸಿಬಿಟ್ಟಿದೆ. ಆಯುಧಗಳ ಭಾರವೂ ವಿಚಿತ್ರ. ಎಕೆ-47 ಹಿಡಿದರೆ ವೇಗ 221, ದೊಡ್ಡ ಎಡಬ್ಲ್ಯುಪಿ ಬಂದೂಕಿಗೆ 210. ಇಲ್ಲಿಯವರೆಗೆ ಸರಿ. ಆದರೆ ಸ್ಕೌಟ್ ಬಂದೂಕಿಗೆ 260! ಚಾಕು ಹಿಡಿದವನಿಗಿಂತ ಬಂದೂಕು ಹೊತ್ತವನೇ ಚುರುಕು. ಭೌತವಿಜ್ಞಾನದಲ್ಲಿ ಇದಕ್ಕೆ ಸಮರ್ಥನೆ ಇಲ್ಲ. ಆಟದ ಸಮತೋಲಕ್ಕಾಗಿ ಕೊಟ್ಟ ರಿಯಾಯಿತಿ ಅಷ್ಟೆ.

ಡೂಮ್‌ನ ದೋಷ ಬೇರೆ ಬಗೆಯದು, ಶಾಲೆಯಲ್ಲಿ ಸದಿಶಗಳ ಪಾಠಕ್ಕೆ ಹೇಳಿಮಾಡಿಸಿದಂಥದು. ಮುಂದಕ್ಕೆ ತಳ್ಳು 50, ಪಕ್ಕಕ್ಕೆ 40. ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆಟ ಮಿತಿ ಹಾಕುವುದಿಲ್ಲ. ಪೈಥಾಗೊರಸ್ ಪ್ರಮೇಯದಂತೆ ಒಟ್ಟು ತಳ್ಳು 64 ಆಗಿ, ಓರೆಯಾಗಿ ಓಡುವವನು ನೇರವಾಗಿ ಓಡುವವನಿಗಿಂತ 1.28 ಪಟ್ಟು ವೇಗ ಗಳಿಸುತ್ತಾನೆ. ಆಟಗಾರರು ಇದನ್ನು ಕೌಶಲವಾಗಿ ಬೆಳೆಸಿಕೊಂಡರು. ದೋಷವೇ ಗುಣವಾದ ಉದಾಹರಣೆ ಇದು.

ರಸ್ತೆಗೆ ಬಂದಾಗ

ಇಷ್ಟೆಲ್ಲ ಲೆಕ್ಕ ಏಕೆ, ಆಟ ಆಟವೇ ಅಲ್ಲವೇ ಎಂದು ನೀವು ಕೇಳಬಹುದು. ವೇಗದ ವಿಷಯದಲ್ಲಿ ಆಟಗಳು ಮಾಡುವ ನಿಜವಾದ ಅಪಚಾರ ಓಟದಲ್ಲಿಲ್ಲ, ನಿಲ್ಲುವುದರಲ್ಲಿದೆ. ಡೂಮ್ ನಾಯಕ ಕೀಲಿ ಬಿಟ್ಟ ಮೇಲೆ 161 ಏಕಮಾನ ಜಾರಿ ನಿಲ್ಲುತ್ತಾನೆ. ಎತ್ತರದ ಗೋಲಿನಲ್ಲಿ ಇದು ಸುಮಾರು 5 ಮೀಟರ್. ಈಗ ಹಳೆ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರದ ಕಡೆಗೆ ಅದೇ 69 ಕಿಲೋಮೀಟರ್ ವೇಗದಲ್ಲಿ ಬೈಕ್ ಓಡಿಸುವವನನ್ನು ನೆನೆಯಿರಿ. ಅಪಾಯ ಕಂಡು ಬ್ರೇಕ್ ಒತ್ತುವ ಹೊತ್ತಿಗೆ ಒಂದು ಸೆಕೆಂಡು ಕಳೆದರೆ 19 ಮೀಟರ್ ಸಾಗಿರುತ್ತಾನೆ. ಒಣ ರಸ್ತೆಯಲ್ಲಿ ಘರ್ಷಣಾಂಕ 0.7 ಎಂದು ಹಿಡಿದರೆ ನಿಲ್ಲಲು ಮತ್ತೆ 27 ಮೀಟರ್ ಬೇಕು. ಒಟ್ಟು 46 ಮೀಟರ್, 100 ಅಡಿ ರಸ್ತೆಯ ಅಗಲದ ಒಂದೂವರೆ ಪಟ್ಟು. ಮಳೆ ಬಿದ್ದ ರಸ್ತೆಯಲ್ಲಿ ಇನ್ನೂ ಹೆಚ್ಚು. ಬ್ರೇಕ್ ಹಾಕಿದ ಮೇಲೆ ಸಾಗುವ ದೂರ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಇಮ್ಮಡಿಯಾದರೆ ಆ ದೂರ ನಾಲ್ಮಡಿ.

ವೇಗದ ಅನುಭವವೂ ಮೋಸ ಮಾಡುತ್ತದೆ. ನೆಲ ನಮ್ಮ ಕೆಳಗೆ ಎಷ್ಟು ಬೇಗ ಹಿಂದೆ ಸರಿಯುತ್ತದೆ ಎಂಬುದು ವೇಗವನ್ನು ಕಣ್ಣಿನ ಎತ್ತರದಿಂದ ಭಾಗಿಸಿದ ಬೆಲೆಯನ್ನು ಅವಲಂಬಿಸಿದೆ. ಡೂಮ್‌ನಲ್ಲಿ ಕಣ್ಣಿನ ಎತ್ತರ 41 ಏಕಮಾನ, ಆದ್ದರಿಂದ ಬೆಲೆ ಸೆಕೆಂಡಿಗೆ 14. ಕಣ್ಣು ಒಂದೂವರೆ ಮೀಟರ್ ಎತ್ತರದಲ್ಲಿರುವ ಬೈಕ್ ಸವಾರನಿಗೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು 11. ಓಡುವ ಮನುಷ್ಯನ ಆಟಕ್ಕೆ ಒಗ್ಗಿದ ಕಣ್ಣಿಗೆ 60ರ ಬೈಕ್ ನಿಧಾನವೆನಿಸಿದರೆ ಆಶ್ಚರ್ಯವಿಲ್ಲ.

ಆಟಗಾರನ ಮನರಂಜನೆಗಾಗಿ ಗುರುತ್ವವನ್ನು ಇಮ್ಮಡಿ ಮಾಡಿದ್ದಕ್ಕೆ ಆಟದ ತಯಾರಕರನ್ನು ದೂರಬೇಕಾಗಿಲ್ಲ. ಕಾರಿನ ಹೊರಮೈಯನ್ನು ಕೂದಲೆಳೆಯಷ್ಟು ನಿಖರವಾಗಿ ರೂಪಿಸಬಲ್ಲ ಊರಿನಿಂದ ನಾವು ಕೇಳಬಹುದಾದದ್ದು ಇಷ್ಟೆ: ವೇಗಮಾಪಕವನ್ನು ತೋರಿಸುವ ಆಟಗಳಲ್ಲಾದರೂ ಮುಳ್ಳು ಹೇಳುವ ವೇಗ, ಕಾರು ಸಾಗಿದ ದೂರ, ಅದು ನಿಂತ ದೂರ ಈ ಮೂರೂ ಒಂದಕ್ಕೊಂದು ಹೊಂದಿರಲಿ. ಹೊಂದಿವೆಯೇ ಎಂದು ಪರೀಕ್ಷಿಸಲು ನಿಮಗೆ ಬೇಕಾದದ್ದು ಒಂದು ಗಡಿಯಾರ, ಒಂದು ಗೋಡೆ, ಮತ್ತು ಯಾವ ಗೋಲಿನಿಂದ ಅಳೆದೆವು ಎಂದು ಬರೆದಿಡುವ ಅಭ್ಯಾಸ. ಮನೆಯಲ್ಲಿ ಮಕ್ಕಳು ಆಡುತ್ತಿರುವ ಆಟದಿಂದಲೇ ಆರಂಭಿಸಿ.