ಕಳಿತ ಬಾಳೆಹಣ್ಣು, ಒಂದು ಕಪ್ ಸಕ್ಕರೆ

2020ರ ಲಾಕ್‌ಡೌನಿನಲ್ಲಿ ಮನೆಮನೆಯ ಓವನ್ ಹೊಕ್ಕ ಬನಾನಾ ಬ್ರೆಡ್, ಲಾಕ್‌ಡೌನ್ ಮುಗಿದ ಮೇಲೂ ಹೊರಗೆ ಹೋಗಲಿಲ್ಲ. ಜೊತೆಗೇ ಬಂದ ಡಾಲ್ಗೋನಾ ಕಾಫಿಯನ್ನು ಈಗ ಕೇಳುವವರಿಲ್ಲ. ಸೋರ್‌ಡೋ ಹುಳಿಹಿಟ್ಟಿಗೆ ದಿನಾ ಮೇವು ಹಾಕಿ ಸಾಕಿದವರೂ ಬಹುಪಾಲು ಬೇಸತ್ತರು. ಇದು ಮಾತ್ರ ನಮ್ಮ ನಗರಗಳ ಅದೆಷ್ಟೋ ಮನೆಗಳಲ್ಲಿ ಭಾನುವಾರದ ತಿಂಡಿಯಾಗಿ, ಮಕ್ಕಳ ಡಬ್ಬಿಯ ಸಿಹಿಯಾಗಿ ನೆಲೆಯೂರಿದೆ. ಅಂದಿನ ಹುರುಪು ಇಳಿದಿದೆಯಲ್ಲ, ಇನ್ನು ತಣ್ಣಗೆ ತೂಗಿ ನೋಡಬಹುದು.

ಉಳಿದದ್ದಕ್ಕೆ ಕಾರಣ ಸ್ಪಷ್ಟ. ಈಸ್ಟ್ ಬೇಡ, ನಾದುವುದು ಬೇಡ, ಕೆನೆ ಬಡಿಯುವುದು ಬೇಡ. ಯಾರೂ ಮುಟ್ಟದೆ ಕಪ್ಪಾಗಿ ಕೂತ ಹಣ್ಣಿಗೊಂದು ಗತಿ ಸಿಗುತ್ತದೆ. ಅಮೆರಿಕದಲ್ಲಿ ಇದು ಮನೆಮಾತಾದದ್ದೂ ಹೀಗೆಯೇ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಹಣ್ಣು ಬಿಸಾಡಲು ಯಾರಿಗೂ ಮನಸ್ಸಿರಲಿಲ್ಲ. ಸೋಡಾ, ಬೇಕಿಂಗ್ ಪೌಡರ್ ಡಬ್ಬಿಗಳು ಆ ಹೊತ್ತಿಗೆ ಎಲ್ಲ ಅಡುಗೆಮನೆಗಳಿಗೂ ಬಂದಿದ್ದವು. ಬೇಕಿಂಗ್ ಪೌಡರಿನ ಕತೆ ಇನ್ನೂ ಹಿಂದಿನದು. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ 1843ರಲ್ಲಿ ಅದನ್ನು ತಯಾರಿಸಿದ್ದು, ಹೆಂಡತಿಗೆ ಈಸ್ಟ್ ಒಗ್ಗುತ್ತಿರಲಿಲ್ಲವೆಂದು. ಒಬ್ಬ ಗಂಡನ ಕಾಳಜಿಯಿಂದ ಜಗತ್ತಿಗೆಲ್ಲ ಇಷ್ಟೊಂದು ಕೇಕು ಸಿಕ್ಕಿತು!

ಹೌದು, ಅಳತೆ ನೋಡಿದರೆ ಇದು ಕೇಕೇ. ಎಲ್ಲೆಡೆ ಓಡಾಡುವ ಪಾಕವಿಧಾನ ಹೆಚ್ಚುಕಮ್ಮಿ ಒಂದೇ: ಮೂರು ಬಾಳೆಹಣ್ಣು, ಸುಮಾರು 250 ಗ್ರಾಂ ಮೈದಾ, 115 ಗ್ರಾಂ ಬೆಣ್ಣೆ, ಎರಡು ಮೊಟ್ಟೆ, ಒಂದು ಟೀ ಚಮಚ ಸೋಡಾ, ಒಂದು ಕಪ್ ಸಕ್ಕರೆ. ಒಂದು ಕಪ್ ಎಂದರೆ 200 ಗ್ರಾಂ. ಹತ್ತು ಹೋಳು ಮಾಡಿದರೆ ಹೋಳಿಗೆ 20 ಗ್ರಾಂ. ದಿನವೊಂದಕ್ಕೆ ಸೇರಿಸಿದ ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳಿತು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯ ಸಾರ. ಅಂದರೆ ಎಂಟು ಗಂಟೆಗೆ ಒಂದು ಹೋಳು ತಿಂದವರು ಮಧ್ಯಾಹ್ನದ ಕಾಫಿಗೆ ಸಕ್ಕರೆ ಹಾಕುವ ಮುನ್ನ ಯೋಚಿಸಬೇಕು. ಎರಡು ಹೋಳು ತಿಂದವರ ಮಾತು ಬೇಡ.

ಆರೋಗ್ಯಕ್ಕಿಂತ ರುಚಿಯ ವಿಷಯದಲ್ಲಿ ನನ್ನ ತಕರಾರು ದೊಡ್ಡದು. ಬಾಳೆಕಾಯಿಯ ತಿರುಳಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಪಿಷ್ಟ ಇರುತ್ತದೆ. ಹಣ್ಣು ಕಳಿತು ಸಿಪ್ಪೆ ಕಪ್ಪಾಗುವ ಹೊತ್ತಿಗೆ ಅದೆಲ್ಲ ಬಹುತೇಕ ಸಕ್ಕರೆಯಾಗಿ, ಘಮವೂ ಏರಿರುತ್ತದೆ. ಹಣ್ಣು ಅಷ್ಟೆಲ್ಲ ಮಾಡಿಟ್ಟ ಮೇಲೆ ಒಂದು ಕಪ್ ಸಕ್ಕರೆ ಸುರಿದರೆ, ಬಾಳೆಯ ಘಮ ಮುಚ್ಚಿ ಬರೀ ಸಿಹಿ ನಾಲಗೆಗೆ ಅಂಟುತ್ತದೆ. ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ ನೋಡಿ, ಹಣ್ಣು ಬಾಯಿಬಿಟ್ಟು ಮಾತಾಡುತ್ತದೆ. ತೀರಾ ಇಳಿಸುವುದೂ ತಪ್ಪು: ತೇವ ಹಿಡಿದಿಡುವುದು, ಹೊರಪದರಕ್ಕೆ ಬಣ್ಣ ಕೊಡುವುದು ಸಕ್ಕರೆಯ ಕೆಲಸ. ಅದಿಲ್ಲದಿದ್ದರೆ ಬಿಳಿಚಿಕೊಂಡ, ಬಿರುಸಾದ ಗಟ್ಟಿಯೊಂದು ಹೊರಬರುತ್ತದೆ.

ಇನ್ನು ‘ಹೆಲ್ದಿ’ ಆವೃತ್ತಿ. ಮೈದಾ ಬದಲು ಗೋಧಿಹಿಟ್ಟು, ಸಕ್ಕರೆ ಬದಲು ಬೆಲ್ಲ, ಮೇಲೆ ಒಂದು ಹಿಡಿ ಓಟ್ಸ್. ಈ ಇಡೀ ಪದ್ಧತಿಯಲ್ಲಿ ನನಗೆ ಹಿಡಿಸದ ಭಾಗ ಇದು. ಬೆಲ್ಲ ಚೆನ್ನಾಗಿಯೇ ಇರುತ್ತದೆ. ಅದರ ಕಮ್ಮನೆಯ ವಾಸನೆ ಬಾಳೆಗೆ ಒಪ್ಪುತ್ತದೆ. ರುಚಿಗೆ ಹಾಕುತ್ತೇನೆ ಎನ್ನಿ, ಒಪ್ಪಿಕೊಳ್ಳೋಣ. ಆದರೆ ಬೆಲ್ಲವೂ ಬಹುಪಾಲು ಸಕ್ಕರೆಯೇ. ಅದನ್ನು ಔಷಧಿಯಂತೆ ಬಡಿಸಿ, ಮಕ್ಕಳಿಗೆ ಮೂರನೆಯ ಹೋಳನ್ನು ಧೈರ್ಯವಾಗಿ ಕೊಡುವುದು ನಮ್ಮನ್ನು ನಾವೇ ಏಮಾರಿಸಿಕೊಳ್ಳುವ ಬಗೆ. ಗೋಧಿಹಿಟ್ಟಿನ ತೊಡಕು ಬೇರೆ. ಚಪಾತಿಗೆಂದು ಕಲ್ಲಿನ ಚಕ್ಕಿಯಲ್ಲಿ ಬೀಸಿದ ಹಿಟ್ಟಿನ ಪಿಷ್ಟದ ಕಣಗಳು ಜಜ್ಜಿಹೋಗಿರುತ್ತವೆ, ನೀರನ್ನು ಮೈದಾಕ್ಕಿಂತ ಬಹಳ ಹೆಚ್ಚು ಕುಡಿಯುತ್ತವೆ. ಚಪಾತಿ ಮೆತ್ತಗಾಗಲು ಅದೇ ಬೇಕು. ಮೈದಾದ ಅಳತೆಗೇ ಆ ಹಿಟ್ಟು ಹಾಕಿದರೆ ಬ್ರೆಡ್ಡು ಇಟ್ಟಿಗೆಯಾಗುತ್ತದೆ. ಎರಡು ಮೂರು ಚಮಚ ಹಾಲು ಹೆಚ್ಚಿಗೆ ಹಾಕಿ, ಹಿಟ್ಟು ನೆನೆಯಲು ಕಾಲು ಗಂಟೆ ಬಿಟ್ಟರೆ ಸರಿಹೋದೀತು. ಅರ್ಧ ಮೈದಾ ಉಳಿಸಿಕೊಳ್ಳುವುದು ಇನ್ನೂ ಜಾಣತನ.

ನಮ್ಮ ಅಡುಗೆಮನೆಗಳಲ್ಲಿ ಇದು ಕೆಡುವುದಕ್ಕೆ ಇನ್ನೊಂದು ಕಾರಣ, ಪಾಕವಿಧಾನದ ‘ಮೂರು ಹಣ್ಣು’. ಅಲ್ಲಿಯ ಹಣ್ಣು ಕ್ಯಾವೆಂಡಿಶ್, ನಮ್ಮ ಪಚ್ಚಬಾಳೆಯ ಬಳಗ. ಸುಲಿದರೆ ಒಂದೊಂದೂ ನೂರು ಗ್ರಾಂ ದಾಟುತ್ತದೆ. ಮೂರು ಏಲಕ್ಕಿ ಬಾಳೆ ಹಾಕಿದವರಿಗೆ ಸಿಗುವುದು ಹಣ್ಣಿನ ನೆನಪು ಮಾತ್ರ. ಎಣಿಕೆ ಬಿಟ್ಟು ತೂಕ ಹಿಡಿಯಬೇಕು: ಸುಮಾರು 350 ಗ್ರಾಂ ತಿರುಳು. ಏಲಕ್ಕಿ ಬಾಳೆಯಲ್ಲಿ ನೀರು ಕಡಿಮೆ, ಸಿಹಿ ಗಾಢ. ಹೀಗಾಗಿ ಅದರದ್ದು ಪಚ್ಚಬಾಳೆಯದಕ್ಕಿಂತ ಬಿಗಿಯಾದ, ಘಮದ ಬ್ರೆಡ್ಡು. ನನ್ನ ಓಟು ಅದಕ್ಕೆ. ನಂಜನಗೂಡಿನ ರಸಬಾಳೆಯನ್ನು ಯಾರಾದರೂ ಓವನ್ನಿಗೆ ಹಾಕಿದರೆ ಅವರ ಮನೆಗೆ ನಾನು ಹೋಗುವುದಿಲ್ಲ.

ಕಲಸುವ ಕೈಯ ಬಗ್ಗೆಯೂ ಒಂದು ಮಾತು. ಕಣಕ ನಾದಿ ನಾದಿ ಹದಗೊಳಿಸಿದ ಕೈಗೆ ಇಲ್ಲಿ ಸುಮ್ಮನಿರುವುದೇ ಕಷ್ಟ. ಒಣಹಿಟ್ಟು ಕಣ್ಣಿಗೆ ಮರೆಯಾದ ಕೂಡಲೇ ನಿಲ್ಲಿಸಬೇಕು. ಮುಂದುವರಿಸಿದರೆ ಮೈದಾದ ಅಂಟು ಎದ್ದು ಬ್ರೆಡ್ಡು ರಬ್ಬರಾಗುತ್ತದೆ. ಮೊಟ್ಟೆ ಬಿಟ್ಟು ಮೊಸರು ಹಾಕುವವರಿಗೆ ಆತುರವೂ ಬೇಕು. ಮೊಸರಿನ ಹುಳಿ ಸೋಡಾಕ್ಕೆ ತಗಲಿದ ಕ್ಷಣವೇ ಗಾಳಿ ಏಳತೊಡಗುತ್ತದೆ. ಫೋನಿನಲ್ಲಿ ಮಾತಾಡುತ್ತ ಬಟ್ಟಲನ್ನು ಕಟ್ಟೆಯ ಮೇಲೇ ಬಿಟ್ಟರೆ ಆ ಗಾಳಿ ಹೋಯಿತು. ಅದಕ್ಕೆ ಪರಿಹಾರವೆಂದು ಇನ್ನಷ್ಟು ಸೋಡಾ ಹಾಕಿದರೆ ಸಾಬೂನಿನ ರುಚಿ. ಚಿಕ್ಕ ಓಟಿಜಿಗಳಲ್ಲಿ ಮೇಲಿನ ಕಂಬಿ ಟಿನ್ನಿಗೆ ತೀರಾ ಹತ್ತಿರವಿದ್ದು ನೆತ್ತಿ ಕರಿದಾಗಿ ಹೊಟ್ಟೆ ಹಸಿಯಾಗಿ ಉಳಿಯುವುದು ಸಾಮಾನ್ಯ. ಕೆಳಗಿನ ಹಂತದಲ್ಲಿಟ್ಟು, ಅರ್ಧ ಹೊತ್ತಿನ ಮೇಲೆ ಫಾಯಿಲ್ ಹೊದಿಸಿದರೆ ಸಾಕು. ಓವನ್ ಇಲ್ಲದವರು ಗ್ಯಾಸ್ಕೆಟ್ಟು, ವಿಸಿಲ್ಲು ತೆಗೆದ ಕುಕ್ಕರಿನಲ್ಲಿ ಉಪ್ಪಿನ ಹಾಸಿನ ಮೇಲೆ ಬೇಯಿಸುತ್ತಾರೆ. ನೆತ್ತಿಗೆ ಬಣ್ಣ ಬರುವುದಿಲ್ಲ, ರುಚಿಗೆ ಮೋಸವಿಲ್ಲ.

ಇಷ್ಟರಲ್ಲಿ ಕರಾವಳಿಯವರು ನಗುತ್ತಿರಬೇಕು. ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸೋಡಾ, ಸಕ್ಕರೆ: ಇದೇ ಸಾಮಾನಿನಲ್ಲಿ ಅವರು ಬನ್ಸ್ ಮಾಡುತ್ತಾರೆ. ಆದರೆ ಸಕ್ಕರೆ ಎರಡು ಮೂರು ಚಮಚ. ಜೊತೆಗೆ ಜೀರಿಗೆ, ಉಪ್ಪು. ಕಲಸಿದ ಹಿಟ್ಟನ್ನು ರಾತ್ರಿಯಿಡೀ ಇಡುವುದರಿಂದ ಸಣ್ಣ ಹುಳಿ. ಲಟ್ಟಿಸಿ ಕರಿದ ಮೇಲೆ ಪಕ್ಕಕ್ಕೆ ಕಾಯಿಚಟ್ನಿ. ಅಲ್ಲಿ ಸಿಹಿಗೆ ಎದುರಾಳಿಗಳಿದ್ದಾರೆ; ಆದ್ದರಿಂದಲೇ ಅದು ಖಾಲಿ ಹೊಟ್ಟೆಗೂ ಹಿಡಿಸುತ್ತದೆ. ನಮ್ಮ ಹೋಟೆಲಿನ ಕೇಸರಿಬಾತಿಗೂ ಪಕ್ಕದಲ್ಲೊಂದು ಖಾರಾಬಾತ್ ಬೇಕು, ಆಗಲೇ ಅದು ಚೌಚೌಬಾತ್. ಬನಾನಾ ಬ್ರೆಡ್ ಒಂಟಿ. ಅದರ ಮೇಲೆ ಚಾಕೊಲೇಟ್ ಚೂರು ಉದುರಿಸಿದರೆ ಇನ್ನಷ್ಟು ಒಂಟಿ. ಬನ್ಸ್ ಎಣ್ಣೆಯಲ್ಲಿ ಕರಿದದ್ದು, ಆರೋಗ್ಯದ ಪಟ್ಟಿಗೆ ಸೇರುವುದಿಲ್ಲ ನಿಜ. ಸೇರುತ್ತದೆ ಎಂದು ಯಾರೂ ಹೇಳಿಯೂ ಇಲ್ಲ.

ಬನ್ಸಿನಿಂದ ಕಲಿತದ್ದನ್ನು ಬ್ರೆಡ್ಡಿಗೆ ದಾಟಿಸಬಹುದು. ಸಕ್ಕರೆ ಅರ್ಧ, ಉಪ್ಪು ಚಿಟಿಕೆಗಿಂತ ಧಾರಾಳ, ಏಲಕ್ಕಿಯ ಜೊತೆ ಒಂದಿಷ್ಟು ಕಾಳುಮೆಣಸು. ಬೇಯಿಸುವುದು ಹಿಂದಿನ ರಾತ್ರಿಯೇ ಆಗಲಿ. ಓವನ್ ಕಾಯಲು ಹತ್ತು ನಿಮಿಷ, ಬೇಯಲು ಒಂದು ಗಂಟೆ, ಆರಲು ಅರ್ಧ ಗಂಟೆ. ಶಾಲೆಯ ವ್ಯಾನ್ ಇದಕ್ಕೆಲ್ಲ ಕಾಯುವುದಿಲ್ಲ. ರಾತ್ರಿ ಕಳೆದರೆ ತೇವ ಒಳಗೆಲ್ಲ ಹರಡಿ ರುಚಿಯೂ ಕೂಡಿಬರುತ್ತದೆ. ಬೆಳಿಗ್ಗೆ ಕಾವಲಿಯ ಮೇಲೆ ತುಪ್ಪ ಸವರಿ, ಹೋಳಿನ ಎರಡೂ ಮಗ್ಗುಲು ಗರಿಯಾಗುವಂತೆ ಸುಟ್ಟು, ಸಕ್ಕರೆ ಹಾಕದ ಕಾಫಿಯ ಜೊತೆ ತಿಂದರೆ, ಈ ತಿಂಡಿಯ ಮೇಲೆ ನಾನು ಹೊರಿಸಿದ ಆರೋಪಗಳಲ್ಲಿ ಅರ್ಧವನ್ನು ಹಿಂದೆ ಪಡೆಯುತ್ತೇನೆ. ಫ್ರಿಜ್ಜಿನಲ್ಲಿಟ್ಟರೆ ಬಿರುಸಾಗುತ್ತದೆ, ಉಳಿದದ್ದನ್ನು ಹೋಳು ಮಾಡಿ ಫ್ರೀಜರಿಗೆ ಹಾಕುವುದು ವಾಸಿ. ಬೆಂಗಳೂರಿನ ಹವೆಯಲ್ಲಿ ಹೊರಗಿಟ್ಟರೂ ಎರಡು ದಿನ ತಾಳುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಅದರ ಮೈಯೆಲ್ಲ ಮರುದಿನವೇ ಅಂಟಂಟು. ಅಲ್ಲಿಯವರು, ಬನ್ಸ್ ಇರುವಾಗ ಇದರ ಗೊಡವೆ ನಮಗೇಕೆ ಎಂದು ಕೇಳಿದರೆ ಕೊಡಲು ನನ್ನಲ್ಲಿ ಉತ್ತರವಿಲ್ಲ.