‘ಹೆಗ್ಗಡೆ’ ಎಂಬ ಉಪನಾಮ: ಒಂದು ವಿಮರ್ಶೆ

ಉಪನಾಮವನ್ನೇ ಆಧಾರವಾಗಿಟ್ಟುಕೊಂಡು ಮನೆತನದ ಚರಿತ್ರೆಯನ್ನು ಕಟ್ಟುವ ಪ್ರವೃತ್ತಿಯನ್ನು ಉಡುಪಿ, ಮಣಿಪಾಲಗಳ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ನಾವು ಕಾಣುತ್ತಿದ್ದೇವೆ. ಇಂದಿನ ಹೆಗ್ಡೆಯವರಿಂದ ಶಾಸನೋಕ್ತ ಹೆಗ್ಗಡೆಯವರೆಗೆ ತಂದೆಮಕ್ಕಳ ಒಂದೇ ಸರಣಿಯನ್ನು ಎಳೆಯುವುದು ಸಾಧುವೇ ಎಂಬುದು ಇಲ್ಲಿಯ ಪ್ರಶ್ನೆ.

ಶಬ್ದದ ಮೂಲದ ವಿಷಯದಲ್ಲಿ ವಿವಾದವಿಲ್ಲ. ಹಳಗನ್ನಡದ ‘ಪೆರ್ಗಡೆ’ಯೇ ಪಕಾರವು ಹಕಾರವಾಗಿ ‘ಹೆಗ್ಗಡೆ’ ಎನಿಸಿತು. ಶಾಸನಗಳಲ್ಲಿ ಇದು ಅಧಿಕಾರಿಯ ಪದನಾಮ. ಅರಮನೆಯ ಆಡಳಿತವನ್ನು ನೋಡುವವನು ಮನೆವೆರ್ಗಡೆ. ಸುಂಕದ ಅಧಿಕಾರಿ ಸುಂಕವೆರ್ಗಡೆ. ‘ಸ್ಟುವರ್ಟ್’ ಎಂಬ ಉಪನಾಮವೂ ಹೀಗೆಯೇ ಮನೆವಾರ್ತೆಯ ಅಧಿಕಾರಿಯ ಹೆಸರಿನಿಂದ ಹುಟ್ಟಿದುದು. 12ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನಲ್ಲಿ ವಂಶಪಾರಂಪರ್ಯವಾದ ಆ ಹುದ್ದೆಯು ಕುಲನಾಮವಾಗಿ, 1371ರಲ್ಲಿ ರಾಜವಂಶದ ಹೆಸರೇ ಆಯಿತು.

ಸಾಮ್ಯವು ಇಲ್ಲಿಗೆ ಮುಗಿಯುತ್ತದೆ. ಅಲ್ಲಿ ಹುದ್ದೆಯೂ ಹೆಸರೂ ತಂದೆಯಿಂದ ಮಗನಿಗೆ ಇಳಿದುವು. ತುಳುನಾಡಿನ ಅನೇಕ ಮನೆತನಗಳಲ್ಲಿ ಅಳಿಯಸಂತಾನ ಪದ್ಧತಿಯಂತೆ ಪಟ್ಟವು ಸೋದರಮಾವನಿಂದ ಅಳಿಯನಿಗೆ ಸಂದಿತು. ಕಾರ್ಕಳದಲ್ಲಿ 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನು ತನ್ನ ಹಿಂದಿನ ಭೈರರಸನ ಮಗನಲ್ಲ. ಆತನ ಸೋದರಿ ಗುಮ್ಮಟಾಂಬೆಯ ಮಗ. 1556ರ ಕಾಪು ತಾಮ್ರಶಾಸನದಲ್ಲಿ ಬರುವ ತಿರುಮಲರಸನಿಗೆ ‘ಮದ್ದ ಹೆಗ್ಗಡೆ’ ಎಂಬುದು ಪಟ್ಟದ ಹೆಸರೇ ಹೊರತು ಇಂದಿನ ಅರ್ಥದ ಉಪನಾಮವಲ್ಲ. ಇಂತಹ ಪಟ್ಟದ ಹೆಸರುಗಳ ಪರಂಪರೆಯನ್ನು ತಂದೆಮಕ್ಕಳ ಪರಂಪರೆಯೆಂದು ಓದಿದರೆ ಪ್ರತಿಯೊಂದು ತಲೆಮಾರಿನಲ್ಲಿಯೂ ತಪ್ಪುವ ಸಂಭವವುಂಟು. ಹೆಚ್ಚೇನು, ಯಾವ ತಾಯಂದಿರ ಮೂಲಕ ಸಂತಾನವು ನಡೆಯಿತೋ ಅವರೇ ಚರಿತ್ರೆಯಿಂದ ಮರೆಯಾಗುತ್ತಾರೆ.

ಇನ್ನೊಂದು ಸಂಗತಿಯೂ ಗಮನಾರ್ಹ. ಬಂಟರಲ್ಲಿಯೂ ಜೈನರಲ್ಲಿಯೂ ಉತ್ತರ ಕನ್ನಡದ ಹವ್ಯಕ ಬ್ರಾಹ್ಮಣರಲ್ಲಿಯೂ ಇದೇ ಉಪನಾಮವಿದೆ. ಇವರೆಲ್ಲರೂ ಒಂದೇ ಕುಲದವರೆಂದು ಯಾರೂ ಹೇಳಲಾರರು. ಹುದ್ದೆ ಒಂದೇ ಆಗಿರಬಹುದು, ರಕ್ತವು ಒಂದೇ ಆಗಬೇಕಿಲ್ಲ. ಬಂಟರಲ್ಲಿ ವಿವಾಹಸಂಬಂಧಕ್ಕೆ ವಿಚಾರಿಸುವುದು ತಾಯಿಯಿಂದ ಬಂದ ‘ಬರಿ’ಯನ್ನು, ಉಪನಾಮವನ್ನಲ್ಲ. ನಮ್ಮ ಹಿರಿಯರಿಗೆ ಈ ಭೇದವು ಸ್ಪಷ್ಟವಾಗಿಯೇ ತಿಳಿದಿತ್ತು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ಅಳಿಯಸಂತಾನದ ಆಸ್ತಿಕ್ರಮವು ಬದಲಾಯಿತು. ತಂದೆಯ ಉಪನಾಮವನ್ನು ಮಕ್ಕಳಿಗೆ ಬರೆಯಿಸುವುದೂ ಇಂದು ರೂಢಿಯಾಗಿದೆ. ಈ ಹೊಸ ರೂಢಿಯನ್ನು ಹಳೆಯ ಕಾಲದ ಮೇಲೆ ಹೇರುವುದೇ ಇಲ್ಲಿಯ ಮೂಲದೋಷ. ಉಪನಾಮವು ಆಡಳಿತದ ಚರಿತ್ರೆಗೆ ಬೆಲೆಯುಳ್ಳ ಸಾಕ್ಷಿ. ವಂಶದ ಚರಿತ್ರೆಗೆ ದುರ್ಬಲ ಸಾಕ್ಷಿ. ವಂಶಾವಳಿಯನ್ನು ಬರೆಯಹೊರಡುವ ವಿದ್ಯಾರ್ಥಿಯು ಮೊದಲು ಅಜ್ಜಿಯ ಹೆಸರನ್ನು ಕೇಳಲಿ, ಆಮೇಲೆ ಶಾಸನವನ್ನು ನೋಡಲಿ ಎಂಬುದು ನಮ್ಮ ವಿನಮ್ರ ಸೂಚನೆ.